ವಿಠ್ಠಲ ಎರಡು ದಿನ ಕಾಯುತ್ತಾನೆ

ಯರವಡಾ, ಪುಣೆ

ಚಿ. ಅಳಿಯನಿಗೆ ಸೋದರಮಾವನ ಆಶೀರ್ವಾದ.

ಏಕಾದಶಿಯಿಂದ ಶೆರೆ ಮುಟ್ಟುವುದಿಲ್ಲವೆಂದು ವಿಠ್ಠಲನ ಆಣೆ ಮಾಡಿದ್ದೀಯಂತೆ. ನಾಲ್ಕು ದಿನ ಭೋಸರಿಯ ಖೋಲಿಯಲ್ಲಿ ಬಾಗಿಲು ಹಾಕಿಕೊಂಡು ಬಿದ್ದಿರುತ್ತೀಯಂತೆ. ನಿನ್ನ ಅವ್ವ ಖುಷಿಯಿಂದ ಹೇಳಿದಳು, ನನಗೆ ಎದೆ ಧಸಕ್ಕೆಂದಿತು. ಬಿಡುವುದಕ್ಕೆ ನನ್ನದೂ ಹೂಂ. ಬಾಗಿಲು ಹಾಕಿಕೊಳ್ಳುವುದಕ್ಕೆ ಮಾತ್ರ ಬೇಡ.

ನಾನೂ ಹಾಗೇ ಮಾಡಿದವನು. ಮೊದಲ ದಿನ ಕೈ ನಡುಗಿ ಚಹಾದ ಕಪ್ಪು ಹಿಡಿಯಲಾಗಲಿಲ್ಲ, ಬೆವರು, ವಾಂತಿ. ಮರುದಿನ ಫಿಟ್ಸ್ ಬಂತು. ನೆರೆಯವರು ಕೈಗೆ ಕೀಲಿಕೈ ಹಿಡಿಸಿದರು, ಉಳ್ಳಾಗಡ್ಡಿ ಮೂಸಿಸಿದರು, ದವಾಖಾನೆಗೆ ಯಾರೂ ಒಯ್ಯಲಿಲ್ಲ. ಮೂರನೆಯ ರಾತ್ರಿ ಗೋಡೆತುಂಬ ಇರುವೆ, ತೀರಿಹೋದ ಅಪ್ಪ ಬಾಗಿಲಲ್ಲಿ ನಿಂತು ಕರೆದಂತೆ. ನಿನ್ನ ಅತ್ತೆ ಗಾಳಿ ಸೋಕಿದೆಯೆಂದು ನಿಂಬೆಹಣ್ಣು ನಿವಾಳಿಸಿದಳು. (ಈಗ ನಗುತ್ತಾಳೆ. ಅಂದು ಬೆಳತನಕ ಅತ್ತಿದ್ದಳು.)

ಡಾಕ್ಟರು ಆಮೇಲೆ ಬಿಡಿಸಿ ಹೇಳಿದರು. ಶೆರೆ ಮಿದುಳಿಗೆ ಬ್ರೇಕು. ದಿನಾ ಬ್ರೇಕು ಒತ್ತಿದರೆ ಮಿದುಳು ಎಕ್ಸಿಲರೇಟರ್ ತುಳಿಯುವುದನ್ನು ರೂಢಿ ಮಾಡಿಕೊಳ್ಳುತ್ತದೆ; ಒಮ್ಮೆಲೇ ಬ್ರೇಕು ಬಿಟ್ಟರೆ ಗಾಡಿ ಕೈಗೆ ಸಿಗುವುದಿಲ್ಲ. ನಡುಕ 6ರಿಂದ 24 ಗಂಟೆಯೊಳಗೆ, ಫಿಟ್ಸ್ ಹೆಚ್ಚಾಗಿ 48 ಗಂಟೆಯೊಳಗೆ, ಇಲ್ಲದ್ದು ಕಾಣುವ ಬಡಬಡಿಕೆ ಎರಡರಿಂದ ನಾಲ್ಕನೇ ದಿನಕ್ಕೆ. ಆ ಬಡಬಡಿಕೆಯಲ್ಲೇ ಜೀವ ಹೋದವರಿದ್ದಾರೆ.

ನಿನ್ನ ಖೋಲಿಯ ಗೆಳೆಯ ಬ್ರೌನ್ ಶುಗರ್ (ಕಲಬೆರಕೆ ಹೆರಾಯಿನ್) ಒಬ್ಬನೇ ಬಿಟ್ಟನಲ್ಲ ಅನ್ನಬೇಡ. ಅದನ್ನು ಬಿಟ್ಟಾಗ ಮೈಕೈ ನೋವು, ಭೇದಿ, ನರಳಾಟ ಇರುತ್ತದೆ; ಸಾವು ಮಾತ್ರ ಅಪರೂಪ. ಅವನ ಗಂಡಾಂತರ ಬೇರೆ: ಕೆಲ ದಿನ ಬಿಟ್ಟು ಮತ್ತೆ ಹಳೆಯ ಅಳತೆಗೇ ಕೈಹಾಕಿದರೆ ಉಸಿರು ನಿಂತೀತು. ಅವನಿಗೂ ಹೇಳು.

ನಮ್ಮ ಯರವಡಾದಲ್ಲೇ ಚಟ ಬಿಡಿಸುವ ಕೇಂದ್ರ ಮುಕ್ತಾಂಗಣವಿದೆ, ಅವಚಟ ದಂಪತಿ 1986ರಲ್ಲಿ ಶುರುಮಾಡಿದ್ದು. ಇಲ್ಲವೇ ಸರಕಾರಿ ದವಾಖಾನೆ ಸಸೂನಿಗೆ ಹೋಗೋಣ. ಡಾಕ್ಟರು ಗುಳಿಗೆ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ, ವಿಟಮಿನ್ ಬಿ1 ಇಂಜೆಕ್ಷನ್ ಹಾಕುತ್ತಾರೆ. ಮೆಡಿಕಲ್ಲಿನಿಂದ ನಿದ್ದೆಗುಳಿಗೆ ನೀನೇ ತಂದು ನುಂಗಬೇಡ. ಎಷ್ಟು ಕುಡಿಯುತ್ತೀ ಎಂದು ಕೇಳಿದಾಗ 'ಸ್ವಲ್ಪ' ಅನ್ನಬೇಡ, ಕ್ವಾರ್ಟರ್ ಲೆಕ್ಕದಲ್ಲಿ ಹೇಳು. ಔಷಧದ ಅಳತೆ ಅದರ ಮೇಲೆಯೇ ನಿಂತಿದೆ. ನಾನು ಅರ್ಧ ಮುಚ್ಚಿಟ್ಟಿದ್ದೆ.

ಆಣೆಯ ಚಿಂತೆ ಬಿಡು. ಇಪ್ಪತ್ತೆಂಟು ಯುಗ ಇಟ್ಟಿಗೆಯ ಮೇಲೆ ನಿಂತ ವಿಠ್ಠಲ ಇನ್ನೆರಡು ದಿನ ನಿಂತಾನು. ಸೋಮವಾರ ಬೆಳಗ್ಗೆ ಬರುತ್ತೇನೆ, ಅಲ್ಲಿಯತನಕ ಒಮ್ಮೆಲೇ ನಿಲ್ಲಿಸಬೇಡ. ನಡುವೆ ಫಿಟ್ಸ್ ಬಂದರೆ, ಇಲ್ಲದ್ದು ಕಾಣತೊಡಗಿದರೆ, ನನಗೆ ಕಾಯದೆ 108ಕ್ಕೆ ಫೋನ್ ಮಾಡು ಎಂದು ಗೆಳೆಯನಿಗೆ ಈಗಲೇ ಹೇಳಿಡು. ಆಧಾರ್ ಕಾರ್ಡು ತೆಗೆದಿಟ್ಟಿರು.

ನಿನ್ನ ಮಾವ