ಮೇಣದಲ್ಲಿ ಉಳಿದ ದನಿ

ಮಾನ್ಯ ಸಂಪಾದಕರೇ,

ಎಡಿಸನ್ 1877ರಲ್ಲಿ ತವರದ ಹಾಳೆ ಸುತ್ತಿದ ಉರುಳೆಯ ಮೇಲೆ ಮನುಷ್ಯನ ದನಿಯನ್ನು ಹಿಡಿದು ಮತ್ತೆ ಕೇಳಿಸಿದರು. ಮುಂದೆ ಬಂದ ಸಿಲಿಂಡರ್‌ಗಳ, ಅಂದರೆ ದನಿಯನ್ನು ಗೀರುಗಳಲ್ಲಿ ಹಿಡಿದಿಟ್ಟ ಉರುಳೆಗಳ, ಕಾಲ 1929ಕ್ಕೆ ಮುಗಿಯಿತು. ಅವನ್ನು ನುಡಿಸುವ ಫೋನೊಗ್ರಾಫ್ ಯಂತ್ರಗಳನ್ನು ಸಂಗ್ರಹಿಸುವವರಲ್ಲಿ ನಾನೂ ಒಬ್ಬ. ದನಿ ಹೊರಡುವ ಕಹಳೆಯನ್ನು ಉಜ್ಜಿ ಹೊಳೆಯಿಸುವ ನಮ್ಮ ಉತ್ಸಾಹ ದಾಖಲೆ ಬರೆಯುವಾಗ ಕಾಣುವುದಿಲ್ಲ ಎಂಬುದೇ ನನ್ನ ಕೊರಗು. ಯಂತ್ರದ ಮಾದರಿ, ಕ್ರಮಸಂಖ್ಯೆ, ಬದಲಿಸಿದ ಬಿಡಿಭಾಗಗಳು, ಇಷ್ಟನ್ನಾದರೂ ಚಿತ್ರಸಹಿತ ಬರೆದಿಡಬೇಕು. 1908ರಲ್ಲಿ ನಾಲ್ಕು ನಿಮಿಷದ ಸಿಲಿಂಡರ್ ಬಂದಾಗ ಅಂಗುಲಕ್ಕೆ 100 ಇದ್ದ ಗೀರುಗಳು 200 ಆದವು. ಅದರ ಮೇಲೆ ಎರಡು ನಿಮಿಷದ ಸಿಲಿಂಡರ್‌ನ ಹಳೆಯ ಮುಳ್ಳನ್ನು ಇಟ್ಟರೆ ಗೀರೇ ಹಾಳು; ಯಂತ್ರದಲ್ಲಿ ಯಾವ ಮುಳ್ಳಿದೆ ಎಂದು ಬರೆದಿರಬೇಕಾದ್ದು ಅದಕ್ಕೇ.

ಮೇಣದ ಸಿಲಿಂಡರನ್ನು ಹೊರಮೈ ಮುಟ್ಟಿ ಎತ್ತಬಾರದು. ಎರಡು ಬೆರಳನ್ನು ಒಳಗೆ ತೂರಿಸಿ, ಮೆಲ್ಲಗೆ ಅಗಲಿಸಿ ಎತ್ತಬೇಕು. ಬೂಷ್ಟು ಹಿಡಿದ ಕಡೆ ಗೀರು ತಿಂದುಹೋಗಿರುತ್ತದೆ, ಒರೆಸಿದರೂ ದನಿ ಮರಳದು. ಆರಂಭದ ಕಾಲದ ಅನೇಕ ಸಿಲಿಂಡರ್‌ಗಳು ಹಾಡಿನ ಹೆಸರನ್ನೂ ಹಾಡುಗಾರರ ಹೆಸರನ್ನೂ ಕೂಗಿ ಹೇಳಿಯೇ ಶುರುವಾಗುತ್ತವೆ. ಡಬ್ಬಿಗಳು ಅದಲುಬದಲಾಗಿದ್ದಾಗ ಆ ಒಂದು ಕೂಗೇ ಗುರುತು. ಅದನ್ನು ಅಕ್ಷರಶಃ ಬರೆದುಕೊಳ್ಳಿ.

ಸಾಂಟಾ ಬಾರ್ಬರಾದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯ ಸಾವಿರಾರು ಸಿಲಿಂಡರ್‌ಗಳನ್ನು ಡಿಜಿಟಲ್ ರೂಪಕ್ಕೆ ತಂದು ಎಲ್ಲರಿಗೂ ಕೇಳಲು ಇಟ್ಟಿದೆ. ಸಂಗ್ರಾಹಕರು ತಮ್ಮ ಪೆಟ್ಟಿಗೆಗಳನ್ನು ಆ ಪಟ್ಟಿಯೊಡನೆ ಹೋಲಿಸಿ ನೋಡಲಿ. ಅಲ್ಲಿಲ್ಲದ ಒಂದು ದನಿ ಅವರ ಕಪಾಟಿನಲ್ಲಿರಬಹುದು.

– ಒಬ್ಬ ಸಂಗ್ರಾಹಕ