ಲೈಸೆನ್ಸೇ ಇಲ್ಲದವರಿಗೆ ಎಂಥ ಕರ್ಫ್ಯೂ?

ಮಾನ್ಯರೇ,

ವಾಟರ್ ಟ್ಯಾಂಕ್ ವೃತ್ತದಲ್ಲಿ ಹುಡುಗರು ರಾತ್ರಿ ವ್ಹೀಲಿ (ಮುಂದಿನ ಚಕ್ರ ಎತ್ತಿ ಬೈಕ್ ಓಡಿಸುವುದು) ಮಾಡಿ ಸಿಕ್ಕಿಬಿದ್ದ ಪ್ರಕರಣದ ಬೆನ್ನಿಗೇ 'ಹದಿಹರೆಯದವರು ರಾತ್ರಿ ಗಾಡಿ ಓಡಿಸದಂತೆ ಕರ್ಫ್ಯೂ ತನ್ನಿ, ವಿದೇಶದಲ್ಲಿ ಇದೆ' ಎಂಬ ಸಲಹೆಯನ್ನು ನಿನ್ನೆಯ ವರದಿಯಲ್ಲಿ ಓದಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ವಿದೇಶದಲ್ಲಿ ಇದೆ, ನಿಜ. ನ್ಯೂಜಿಲೆಂಡಿನಲ್ಲಿ ಲೈಸೆನ್ಸಿಗೆ ಮೂರು ಮೆಟ್ಟಿಲು. ನಡುವಿನ ಮೆಟ್ಟಿಲಲ್ಲಿ ಇರುವವರು ರಾತ್ರಿ 10ರಿಂದ ಬೆಳಿಗ್ಗೆ 5ರವರೆಗೆ ಒಬ್ಬರೇ ಓಡಿಸುವಂತಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 18 ತುಂಬದವರಿಗೆ ಮೊದಲ 12 ತಿಂಗಳು ರಾತ್ರಿ 11ರಿಂದ 5ರವರೆಗೆ ನಿರ್ಬಂಧ. ಕೆಲಸಕ್ಕೆ ಹೋಗುವವರು ಮಾಲೀಕರ ಸಹಿ ಇರುವ ಚೀಟಿ ತೋರಿಸಿದರೆ ವಿನಾಯಿತಿ. ಆದರೆ ಅಲ್ಲಿ ಲೈಸೆನ್ಸಿಗೆ ಮುಂಚೆ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು 50 ಗಂಟೆ ಓಡಿಸಿರಬೇಕು, ಅದರಲ್ಲಿ 10 ಗಂಟೆ ರಾತ್ರಿಯೇ. ನಮ್ಮಲ್ಲಿ ಎಲ್ಎಲ್ (ಕಲಿಕಾ ಲೈಸೆನ್ಸ್) ಮಾಡಿಸಿ, 30 ದಿನ ಕಾದು, ಹಾಡಹಗಲಲ್ಲಿ ಗಾಡಿಯಲ್ಲಿ 8ರ ಆಕಾರ ಹಾಕಿ ತೋರಿಸಿದರೆ ಮುಗಿಯಿತು.

ಅದಿರಲಿ, ವೃತ್ತದಲ್ಲಿ ಸಿಕ್ಕವರಿಗೆ ಮೀಸೆಯೂ ಇಲ್ಲ, ಲೈಸೆನ್ಸೂ ಇಲ್ಲ. 16 ತುಂಬಿದವರಿಗೆ ಕಾನೂನು ಕೊಡುವುದು 50 ಸಿಸಿ ಮೀರದ ಗಾಡಿ, ಅದೂ ಗೇರ್ ಇಲ್ಲದ್ದು. ಇವರ ಕೈಯಲ್ಲಿರುವುದು ಅಪ್ಪನ ಹೆಸರಿನ 125. ದಿನವಿಡೀ ನಿಷೇಧ ಇರುವವರಿಗೆ ರಾತ್ರಿ ಕರ್ಫ್ಯೂ ಅಂದರೆ, ಏಕಾದಶಿ ಉಪವಾಸದವರಿಗೆ ರಾತ್ರಿ ಊಟ ಬಡಿಸಬೇಡಿ ಅಂದ ಹಾಗೆ!

ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯಲ್ಲಿ 199ಎ ಕಲಂ ಇದೆ. ಅಪ್ರಾಪ್ತರು ಗಾಡಿ ಓಡಿಸಿ ತಪ್ಪೆಸಗಿದರೆ ಪೋಷಕರಿಗೆ 3 ವರ್ಷದವರೆಗೆ ಸಜೆ, 25,000 ರೂ. ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ತುಂಬುವವರೆಗೆ ಎಲ್ಎಲ್ ಕೂಡ ಇಲ್ಲ. ಅದನ್ನು ಬಿಟ್ಟು ಹೆಲ್ಮೆಟ್ ಕೇಸ್ ಹಾಕಿ, ರಸೀದಿ ಹರಿದು, ಬುದ್ಧಿವಾದ ಹೇಳಿ ಕಳಿಸಿದರೆ ಮಾರನೇ ರಾತ್ರಿ ನಂಬರ್ ಪ್ಲೇಟ್ ಮೇಲಕ್ಕೆ ಮಡಚಿಕೊಂಡು, ಸೈಲೆನ್ಸರಿನ ಒಳಜಾಲರಿ ಕಿತ್ತುಕೊಂಡು ಬರುತ್ತಾರೆ. ನಿದ್ದೆಗೆಡುವವರು ನಾವು.

ಘಟನೆ ಆದಮೇಲೆ ಇಲಾಖೆ ಮಾಡಿದ ಘನಕಾರ್ಯ ಎರಡು ಬ್ಯಾರಿಕೇಡ್. ಅವಕ್ಕೆ ಹೊಳೆಯುವ ಪಟ್ಟಿ ಇಲ್ಲ, ಮೇಲಿನ ಬೀದಿದೀಪ ಯುಗಾದಿಯಿಂದ ಕೆಟ್ಟಿದೆ. 60 ಕಿ.ಮೀ. ವೇಗದಲ್ಲಿ ಬರುವ ಗಾಡಿ ಸೆಕೆಂಡಿಗೆ ಹತ್ತಿರಹತ್ತಿರ 17 ಮೀಟರ್ ಓಡುತ್ತದೆ. ಕಂಡು ಬ್ರೇಕಿಗೆ ಕೈಹಾಕುವಷ್ಟರಲ್ಲಿ 25 ಮೀಟರ್, ಒಣ ರಸ್ತೆಯಲ್ಲೂ ನಿಲ್ಲಲು ಇನ್ನೊಂದು 20. ಡಿಮ್ ಲೈಟಿಗೆ ಅಷ್ಟು ದೂರ ಕಾಣುವುದೇ ಅನುಮಾನ. ಸಾಲದ್ದಕ್ಕೆ ಹ್ಯಾಲೊಜನ್ ಬಲ್ಬಿಗಾಗಿ ಮಾಡಿದ ಹೆಡ್‌ಲೈಟಿಗೆ ಅಗ್ಗದ ಎಲ್ಇಡಿ ತುರುಕುತ್ತಾರೆ. ಫಿಲಮೆಂಟ್ ಇರಬೇಕಾದ ಜಾಗದಲ್ಲಿ ಬೆಳಕು ಹುಟ್ಟದೆ ಎದುರಿನವರ ಕಣ್ಣಿಗೆ ಚೆಲ್ಲುತ್ತದೆ.

ಹಂಪುಗಳ ಕಥೆ ಹಳೆಯದು. 10 ಸೆಂ.ಮೀ. ಎತ್ತರಕ್ಕೆ 3.7 ಮೀಟರ್ ಅಗಲ ಇರಬೇಕು, ಬಣ್ಣ ಬಳಿಯಬೇಕು, 40 ಮೀಟರ್ ಮುಂಚೆ ಫಲಕ ಇರಬೇಕು. ಉಳಿದ ಟಾರನ್ನು ಕಡುಬಿನಂತೆ ಸುರಿದು ಹೋದ ಗುತ್ತಿಗೆದಾರರಿಗೆ ಬಿಲ್ ಆಗಿದೆ, ಬಣ್ಣ ಆಗಿಲ್ಲ. ಕೇಳಿದರೆ ಪಾಲಿಕೆಯವರು ಪೊಲೀಸರನ್ನು ತೋರಿಸುತ್ತಾರೆ, ಪೊಲೀಸರು ಪಾಲಿಕೆಯನ್ನು.

ಕರ್ಫ್ಯೂ ಹಾಕುವುದಾದರೆ ಹಾಕಿ, ಬೇಡವಾದರೆ ಬಿಡಿ. ಮೊದಲು ಅಪ್ಪಂದಿರನ್ನು ಸ್ಟೇಷನ್ನಿಗೆ ಕರೆಸಿ, ದೀಪ ಹೊತ್ತಿಸಿ. ಎರಡೂ ಕೈಲಾಗದಿದ್ದರೆ ಆ ಬ್ಯಾರಿಕೇಡನ್ನಾದರೂ ಎತ್ತಿಕೊಂಡು ಹೋಗಿ!

– ನೊಂದ ನಿವಾಸಿಗಳು, ಎರಡನೇ ಹಂತ