‘ಚಟುವಟಿಕೆ: ಮಣ್ಣಿನ ಕೆಲಸ’ ಎಂದರೆ ಯೋಜನೆಯಾಯಿತೇ?

ಮಾನ್ಯ ಸಂಪಾದಕರೇ,

ಶಾಲೆ ತೆರೆದ ಕೂಡಲೇ ಎಲ್‌ಕೆಜಿ, ಯುಕೆಜಿ, ನಲಿ-ಕಲಿ (ಸರ್ಕಾರಿ ಶಾಲೆಯ ಚಿಕ್ಕ ಮಕ್ಕಳು ಗುಂಪುಗಳಲ್ಲಿ ಚಟುವಟಿಕೆಯ ಮೂಲಕ ಕಲಿಯುವ ಪದ್ಧತಿ) ತರಗತಿಗಳಲ್ಲಿ ಪಾಠಯೋಜನೆ ಬರೆಯುವ ಕೆಲಸ ಶುರುವಾಗುತ್ತದೆ. 3ರಿಂದ 8 ವರ್ಷದ ಮಕ್ಕಳು ಆಡುತ್ತಾ, ಕೈಯಾರೆ ಮಾಡುತ್ತಾ ಕಲಿಯಬೇಕು ಎನ್ನುತ್ತದೆ 2022ರ ಬುನಾದಿ ಹಂತದ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು. ನಮ್ಮ ರಾಜ್ಯಕ್ಕೆ ಇದೇನೂ ಹೊಸ ಮಾತಲ್ಲ. ಹೆಗ್ಗಡದೇವನಕೋಟೆಯಲ್ಲಿ 1995ರಲ್ಲಿ ಶುರುವಾದ ನಲಿ-ಕಲಿಯೂ ಇದೇ ಹಾದಿ ಹಿಡಿದದ್ದು. ಆದರೂ ಯೋಜನಾ ಪುಸ್ತಕ ತೆರೆದರೆ ಸಾಮಾನ್ಯವಾಗಿ ಸಿಗುವುದು ‘ಚಟುವಟಿಕೆ: ಮಣ್ಣಿನ ಕೆಲಸ, ಸಾಮಗ್ರಿ: ಮಣ್ಣು’ ಎಂಬ ಒಂದೇ ಸಾಲು. ಯಾವ ಮಣ್ಣು, ಎಷ್ಟು ಮಣ್ಣು, ಎಷ್ಟು ಮಕ್ಕಳಿಗೆ, ಆಮೇಲೆ ಕೈ ತೊಳೆಯಲು ನೀರೆಲ್ಲಿ, ಇದಾವುದೂ ಅದರಲ್ಲಿರುವುದಿಲ್ಲ. ಚಟುವಟಿಕೆ ಕೈಕೊಡುವುದು ಇಲ್ಲಿಯೇ.

ಮಣ್ಣನ್ನೇ ತೆಗೆದುಕೊಳ್ಳಿ. ದಾವಣಗೆರೆ, ಚಿತ್ರದುರ್ಗ ಎರಡೂ ಜಿಲ್ಲೆಗಳಲ್ಲಿ ಎರೆ ಮಣ್ಣೂ ಇದೆ, ಕೆಂಪು ಮಣ್ಣೂ ಇದೆ. ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗುವಾಗ ಕುಗ್ಗುತ್ತದೆ. ಹಾಗಾಗಿ ಬರೀ ಎರೆಯಲ್ಲಿ ಮಾಡಿದ ಬಸವಣ್ಣ ಮರುದಿನಕ್ಕೇ ಬಿರುಕು ಬಿಡುತ್ತಾನೆ. ಮರಳಿನಂಶ ಹೆಚ್ಚಿರುವ ಕೆಂಪು ಮಣ್ಣು ಅಂಟುವುದೇ ಇಲ್ಲ, ಕೈಯಲ್ಲೇ ಉದುರುತ್ತದೆ. ಮೂರು ಪಾಲು ಎರೆಗೆ ಒಂದು ಪಾಲು ಸಣ್ಣ ಮರಳು ಬೆರೆಸಿದರೆ ಬಿರುಕು ಬಹಳಷ್ಟು ಕಡಿಮೆಯಾಗುತ್ತದೆ. ಹೆಂಟೆ ಒಡೆದು, ಜರಡಿ ಹಿಡಿದು, ಜಾಲಿ ಮುಳ್ಳು, ಗಾಜಿನ ಚೂರು ಆರಿಸಿ ತೆಗೆದು, ಹಿಂದಿನ ಸಂಜೆಯೇ ನೆನೆಹಾಕಬೇಕು. ಬೆಳಿಗ್ಗೆ ನೆನೆಸಿ ಹತ್ತಕ್ಕೆ ಕೊಟ್ಟರೆ ಒಳಗೆ ಗಂಟು ಉಳಿದಿರುತ್ತದೆ. ಹದ ನೋಡುವುದು ಸುಲಭ: ಕಿರುಬೆರಳು ದಪ್ಪದ ಬತ್ತಿ ಹೊಸೆದು ಬೆರಳಿಗೆ ಸುತ್ತಿ. ಒಡೆದರೆ ನೀರು ಸಾಲದು, ಬೆರಳಿಗೆ ಮೆತ್ತಿಕೊಂಡರೆ ನೀರು ಜಾಸ್ತಿ. ಒಂದು ಮಗುವಿಗೆ 150 ಗ್ರಾಂ ಸಾಕು. ಆರು ಮಕ್ಕಳ ಗುಂಪಿಗೆ ಹೆಚ್ಚುಕಡಿಮೆ ಒಂದು ಕೆ.ಜಿ. ಉಳಿದದ್ದರ ಮೇಲೆ ಒದ್ದೆ ಗೋಣಿಚೀಲ ಹೊದಿಸಿಡಿ.

ಮಕ್ಕಳು ಮಾಡಿದ ಎತ್ತಿನ ಕಾಲು, ಕೊಂಬು ಒಣಗಿದ ಮೇಲೆ ಕಳಚಿ ಬೀಳುತ್ತವೆ ಎಂಬ ದೂರು ಎಲ್ಲ ಕಡೆಯೂ ಇದೆ. ಕಾಲನ್ನು ಸುಮ್ಮನೆ ಒತ್ತಿ ಅಂಟಿಸಿದ್ದೇ ಕಾರಣ. ಸೇರುವ ಎರಡೂ ಕಡೆ ಕಡ್ಡಿಯಿಂದ ಗೀರಿ, ತೆಳು ಕೆಸರು ಸವರಿ ಒತ್ತಿದರೆ ಹಿಡಿದುಕೊಳ್ಳುತ್ತದೆ. ಒಣಗಿಸುವುದು ನೆರಳಿನಲ್ಲಿ, ಹಳೆ ಪತ್ರಿಕೆ ಮುಚ್ಚಿ, ನಿಧಾನವಾಗಿ. ಬಿಸಿಲಿಗಿಟ್ಟರೆ ಹೊರಮೈ ಮೊದಲು ಒಣಗಿ ಸೀಳುತ್ತದೆ. ಈ ಚಟುವಟಿಕೆಯನ್ನು ಮಣ್ಣೆತ್ತಿನ ಅಮಾವಾಸ್ಯೆಯ ವಾರಕ್ಕೆ ಇಟ್ಟುಕೊಳ್ಳುವುದು ಲೇಸು. ಆಗ ಮನೆಯಲ್ಲೂ ಎತ್ತು ಮಾಡುವುದನ್ನು ಮಗು ನೋಡಿರುತ್ತದೆ, ಅಜ್ಜಿ ಮಾಡಿದ್ದಕ್ಕೂ ತಾನು ಮಾಡಿದ್ದಕ್ಕೂ ಏನು ವ್ಯತ್ಯಾಸ ಎಂದು ಹೇಳಲು ಅದಕ್ಕೆ ಮಾತೂ ಇರುತ್ತದೆ.

ಮಣ್ಣು ಸಿಗದ ಪೇಟೆ ಶಾಲೆಗಳಿಗೆ ಮೈದಾ ಹಿಟ್ಟು ಇದೆ. ಎರಡು ಲೋಟ ಮೈದಾ, ಒಂದು ಲೋಟ ಪುಡಿ ಉಪ್ಪು, ಎರಡು ಚಮಚ ಎಣ್ಣೆ, ಚಿಟಿಕೆ ಅರಿಶಿನ. ನೀರು ಸುಮಾರು ಮುಕ್ಕಾಲು ಲೋಟ, ಅದೂ ಸ್ವಲ್ಪಸ್ವಲ್ಪವಾಗಿ, ಚಪಾತಿ ಹಿಟ್ಟಿಗಿಂತ ತುಸು ಗಟ್ಟಿಯಾಗುವವರೆಗೆ. ಇಷ್ಟರಲ್ಲಿ ನಿಂಬೆಹಣ್ಣಿನ ಗಾತ್ರದ ಹನ್ನೆರಡು ಉಂಡೆ ಬರುತ್ತವೆ. ಕಲ್ಲುಪ್ಪು ಬೇಡ, ಹರಳು ಕೈಗೆ ಚುಚ್ಚುತ್ತದೆ. ಉಪ್ಪು ಹಾಕದಿದ್ದರೆ ಹಿಟ್ಟಿಗೆ ಬೇಗ ಹುಳಿ ನಾತ ಬರುತ್ತದೆ. ಮಳೆಗಾಲದಲ್ಲಿ ಉಪ್ಪು ತೇವ ಎಳೆದುಕೊಂಡು ಹಿಟ್ಟು ಜಿಗುಟಾಗುತ್ತದೆ. ಒಂದು ಹಿಡಿ ಮೈದಾ ಸೇರಿಸಿ ನಾದಿದರೆ ಸರಿಹೋಗುತ್ತದೆ. ಬೆರಳಲ್ಲಿ ಗಾಯವಿರುವ ಮಗುವಿಗೆ ಉಪ್ಪು ಉರಿಯುತ್ತದೆ, ಆ ದಿನ ಅದಕ್ಕೆ ಬೇರೆ ಕೆಲಸ ಕೊಡಿ. ಕಾಗದ ಅಂಟಿಸಲು ಮೈದಾ ಅಂಟು ಕಾಯಿಸುವವರು ಹುಳ ಹಿಡಿಯದಿರಲೆಂದು ಮೈಲುತುತ್ತ ಹಾಕುವುದುಂಟು. ಅದು ವಿಷ. ಚಿಕ್ಕ ಮಕ್ಕಳ ತರಗತಿಗೆ ಬೇಡವೇ ಬೇಡ, ಬೇಕಾದಷ್ಟೇ ಕಾಯಿಸಿ ಅಂದೇ ಮುಗಿಸಿ.

ಎಣಿಕೆಗೆ ನಮ್ಮಲ್ಲಿ ಮೆಕ್ಕೆಜೋಳಕ್ಕಿಂತ ಸುಲಭವಾಗಿ ಸಿಗುವ ವಸ್ತು ಇನ್ನೊಂದಿಲ್ಲ. ಆದರೆ ಬಿತ್ತನೆಗೆ ತಂದು ಉಳಿದ ಕಾಳನ್ನು ಶಾಲೆಗೆ ಕಳಿಸುವವರಿದ್ದಾರೆ. ಗುಲಾಬಿ, ಕೆಂಪು ಬಣ್ಣ ಹಚ್ಚಿದ ಆ ಬೀಜಕ್ಕೆ ಔಷಧ ಲೇಪಿಸಿರುತ್ತಾರೆ. ಬಾಯಿಗಿಡುವ ವಯಸ್ಸಿನ ಮಕ್ಕಳ ಕೈಗೆ ಅದು ಹೋಗಲೇಬಾರದು. ಅಂಗನವಾಡಿಯ ಪುಟ್ಟ ಮಕ್ಕಳಿಗೆ ಬಿಡಿ ಕಾಳೇ ಬೇಡ, ಮೂಗಿಗೆ, ಕಿವಿಗೆ ತುರುಕಿಕೊಳ್ಳುತ್ತಾರೆ. ಕಾಳು ಬಿಡಿಸಿದ ಬೆಂಡುಗಳನ್ನು ಕೊಟ್ಟರೆ ಎಣಿಸಲೂ ಬರುತ್ತದೆ, ಬಣ್ಣದಲ್ಲಿ ಅದ್ದಿ ಉರುಳಿಸಿ ಚಿತ್ರ ಮೂಡಿಸಲೂ ಬರುತ್ತದೆ. ಚಳ್ಳಕೆರೆ ಕಡೆ ಶೇಂಗಾ ಸುಲಿಸುವುದು ಬೆರಳ ಹಿಡಿತಕ್ಕೆ ಒಳ್ಳೆಯ ಅಭ್ಯಾಸ, ಆದರೆ ಅದು ಒಂದು, ಎರಡನೇ ತರಗತಿಯವರಿಗೆ ಮಾತ್ರ. ಸುಲಿದದ್ದು ಬಾಯಿಗೆ ಹೋಗದೆ ಇರುವುದಿಲ್ಲವಾದ್ದರಿಂದ ಬೂಷ್ಟು ಹಿಡಿದ ಕಾಯಿ ಮೊದಲೇ ಆರಿಸಿ ಎಸೆಯಬೇಕು. ಶೇಂಗಾ ಒಗ್ಗದ ಮಗು ಇದೆಯೇ ಎಂದು ತಾಯಂದಿರನ್ನು ಕೇಳಿಕೊಂಡಿರಬೇಕು.

ಹತ್ತು–ಬಿಡಿ ಕಲಿಸುವಾಗ ಕಾಳು ಅಷ್ಟಾಗಿ ನೆರವಿಗೆ ಬರುವುದಿಲ್ಲ. ಹತ್ತು ಕಾಳು ಮುಚ್ಚಳದಲ್ಲಿಟ್ಟರೂ ಮಗುವಿನ ಕಣ್ಣಿಗೆ ಅವು ಹತ್ತು ಬಿಡಿ ಕಾಳೇ. ಪೊರಕೆ ಕಡ್ಡಿಯನ್ನು ಗೇಣುದ್ದಕ್ಕಿಂತ ಚಿಕ್ಕದಾಗಿ ಕತ್ತರಿಸಿ, ಚೂಪು ತುದಿ ತೆಗೆದು, ಇಬ್ಬರು ಮಕ್ಕಳಿಗೆ 30 ಕಡ್ಡಿ, 3 ರಬ್ಬರ್ ಬ್ಯಾಂಡ್ ಕೊಡಿ. ಕಟ್ಟು ಕಟ್ಟುವುದು, ಬಿಚ್ಚುವುದು ಮಗುವೇ ಮಾಡಬೇಕು. ಶಿಕ್ಷಕರು ಕಟ್ಟಿ ತಂದ ಕಟ್ಟು ಎಣಿಸಿದ ಮಗು ಕಳೆಯುವ ಲೆಕ್ಕ ಬಂದಾಗ ತಡವರಿಸುತ್ತದೆ, ಏಕೆಂದರೆ ಕಟ್ಟು ಬಿಚ್ಚಬಹುದೆಂದು ಅದಕ್ಕೆ ಹೊಳೆದೇ ಇರುವುದಿಲ್ಲ.

ಇನ್ನು ಗಲಾಟೆ. ಮೂವತ್ತು ಮಕ್ಕಳ ನಡುವೆ ಒಂದೇ ಟಬ್ಬು ಇಟ್ಟು ತೇಲು–ಮುಳುಗು ಮಾಡಿಸಿದರೆ ಐವರ ಕೈ ನೀರಿನಲ್ಲಿ, ಇಪ್ಪತ್ತೈದು ಮಂದಿ ತಳ್ಳಾಟದಲ್ಲಿ. ನಲಿ-ಕಲಿಯ ಗುಂಪು ಪದ್ಧತಿ ಇರುವುದೇ ಇದಕ್ಕೆ: ಹೊಸದು, ಕೊಳೆಯಾಗುವಂಥದ್ದು ಒಂದು ಗುಂಪಿಗೆ ಮಾತ್ರ, ಶಿಕ್ಷಕರು ಅಲ್ಲೇ ಕೂತಿರಬೇಕು. ಮಿಕ್ಕ ಗುಂಪುಗಳಿಗೆ ಆಗಲೇ ಗೊತ್ತಿರುವ ಕೆಲಸ. ವಾರದಲ್ಲಿ ಎಲ್ಲರಿಗೂ ಸರದಿ ಬರುತ್ತದೆ. 40 ನಿಮಿಷದಲ್ಲಿ ಹಂಚಲು 5, ಮಾಡಲು 20, ಮಾತಿಗೆ 7, ಎತ್ತಿಡಲು 8 ಎಂದು ಮೊದಲೇ ಬರೆದಿಡಿ. ಎತ್ತಿಡಲು ಆ 8 ನಿಮಿಷ ಕೊಡದವರು ಮುಂದಿನ ವಾರ ಟಬ್ಬನ್ನೇ ಹೊರಗೆ ತೆಗೆಯುವುದಿಲ್ಲ. ತೇಲುವುದೋ ಮುಳುಗುವುದೋ ಎಂದು ಮಗು ಹೇಳಿದ ಮೇಲೆಯೇ ವಸ್ತುವನ್ನು ನೀರಿಗೆ ಬಿಡಬೇಕು. ಇಲ್ಲವಾದರೆ ಅದು ಬರೀ ನೀರಾಟ. ಖಾಲಿ ಸ್ಟೀಲ್ ಬಟ್ಟಲು ತೇಲುತ್ತದೆ, ಅದೇ ಬಟ್ಟಲಿಗೆ ನೀರು ತುಂಬಿದರೆ ಮುಳುಗುತ್ತದೆ. ಈ ಒಂದು ವಸ್ತುವಿನ ಮೇಲೆಯೇ ಆ 7 ನಿಮಿಷ ಮಾತಾಡಿಸಬಹುದು.

ನಮ್ಮ ಕೋರಿಕೆ ದೊಡ್ಡದಲ್ಲ. ಕಲಿಕೋಪಕರಣ ಪ್ರದರ್ಶನಗಳಿಗೆ ಥರ್ಮೊಕೋಲ್ ಮಾದರಿ ಮಾಡಿಸುವುದನ್ನು ಶಿಕ್ಷಣ ಇಲಾಖೆ ಕೈಬಿಡಲಿ. ಮಗು ಮುಟ್ಟಿದರೆ ಮುರಿಯುತ್ತದೆಂದು ಅವು ವರ್ಷವಿಡೀ ಬೀರುವಿನ ಮೇಲೆಯೇ ಇರುತ್ತವೆ. ಸುತ್ತಲಿನ ಶಾಲೆಗಳ ಶಿಕ್ಷಕರು ಸೇರುವ ಕ್ಲಸ್ಟರ್ ಸಮಾಲೋಚನಾ ಸಭೆಯಲ್ಲಿ ಒಂದು ತಾಸು ಶಿಕ್ಷಕರೇ ಮಣ್ಣು ನಾದಿ, ಕಡ್ಡಿ ಕಟ್ಟಿ ನೋಡಲಿ. ಯೋಜನಾ ಪುಸ್ತಕದ ನಮೂನೆಗೆ ಮೂರು ಅಂಕಣ ಸೇರಲಿ: ತಲಾ ಎಷ್ಟು, ಎಲ್ಲಿ ಕೆಡಬಹುದು, ಯಾರು ಎತ್ತಿಡುವರು. ಎರಡು ಟಬ್ಬು, ಆರು ತಟ್ಟೆ, ಒಂದು ಜರಡಿ, ನಾಲ್ಕು ಗೋಣಿಚೀಲ, ಕೈ ಒರೆಸುವ ಬಟ್ಟೆ, ಇಷ್ಟನ್ನು ಶಾಲಾ ಅನುದಾನದಲ್ಲಿ ಕೊಳ್ಳಬಹುದೆಂದು ಸ್ಪಷ್ಟ ಸೂಚನೆ ಜೂನ್‌ ತಿಂಗಳಲ್ಲೇ ಬರಲಿ.

— ಚಿಕ್ಕ ಮಕ್ಕಳ ತರಗತಿಗಳ ಕೆಲವು ಶಿಕ್ಷಕರು, ದಾವಣಗೆರೆ